ರಾತ್ರಿ ಕಡಲಿಗಿಳಿಯಲು ಎಂಥ ಟಾರ್ಚ್ ಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಇದುವರೆಗೆ ಹದಿನಾಲ್ಕು ಡೈವ್ ಆಗಿವೆ, ಎಲ್ಲವೂ ಹಗಲಿನಲ್ಲೇ. ಬರುವ ಜನವರಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಅಂಡಮಾನ್‌ನ ಹ್ಯಾವ್ಲಾಕ್‌ಗೆ ಹೋಗುತ್ತಿದ್ದೇವೆ. ಅವಳೂ ಓಪನ್ ವಾಟರ್ ಮಾಡಿದ್ದಾಳೆ. ಅಲ್ಲಿ ಮೊದಲ ಸಲ ನೈಟ್ ಡೈವ್ ಮಾಡುವ ಆಸೆ. ಟಾರ್ಚ್ ಹುಡುಕಿ ಹುಡುಕಿ ತಲೆ ಕೆಟ್ಟುಹೋಗಿದೆ. ಆನ್‌ಲೈನ್‌ನಲ್ಲಿ ಎರಡು ಸಾವಿರ ರೂಪಾಯಿಗೆ ‘20,000 ಲ್ಯೂಮೆನ್, ಐಪಿಎಕ್ಸ್ 8, 100 ಮೀಟರ್’ ಎಂದು ಬರೆದ ಟಾರ್ಚ್ ಸಿಗುತ್ತಿದೆ. ಡೈವಿಂಗ್ ಅಂಗಡಿಯವರು ಬರೀ 1,000 ಲ್ಯೂಮೆನ್‌ನ ಟಾರ್ಚ್‌ಗೆ ಅದರ ನಾಲ್ಕೈದು ಪಟ್ಟು ಬೆಲೆ ಹೇಳುತ್ತಾರೆ. ‘ಅಗಲ ಬೆಳಕಿನ ವಿಡಿಯೊ ಲೈಟ್ ತಗೋ, ಕ್ಯಾಮೆರಾಕ್ಕೂ ಆಯ್ತು, ದಾರಿ ನೋಡೋಕೂ ಆಯ್ತು’ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಮೀನುಗಳಿಗೆ ತೊಂದರೆ ಆಗಬಾರದೆಂದರೆ ಕೆಂಪು ಬೆಳಕೇ ಸರಿ ಎನ್ನುತ್ತಾನೆ ಇನ್ನೊಬ್ಬ. ಬೆಳಕು ಕಂಡರೆ ಶಾರ್ಕ್ ಹತ್ತಿರ ಬರುತ್ತದೆ ಎಂದು ಹೆಂಡತಿಗೆ ಭಯ. ಕೊಳ್ಳಬೇಕಾ, ಬಾಡಿಗೆಗೆ ತಗೊಂಡರೆ ಸಾಕಾ? ವಿಮಾನದಲ್ಲಿ ಬ್ಯಾಟರಿ ಬಿಡುತ್ತಾರಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಏಳೆಂಟು ಪ್ರಶ್ನೆಗಳಿವೆ. ಆದರೆ ಒಳಗಿರುವ ಚಿಂತೆ ಒಂದೇ ಅನಿಸುತ್ತದೆ. ಕತ್ತಲ ನೀರಿನಲ್ಲಿ ಬೆಳಕು ಸಾಲದೆ ಹೋದರೆ ಏನು ಗತಿ? ಹಾಗಾಗಿಯೇ ನೀವು ದೊಡ್ಡ ಸಂಖ್ಯೆಯ ಕಡೆ ವಾಲುತ್ತಿದ್ದೀರಿ. ಇದು ಸಹಜ. ನಾನು ನೇತ್ರಾಣಿಯಲ್ಲೂ ಅಂಡಮಾನ್‌ನಲ್ಲೂ ಡೈವಿಂಗ್ ಕಲಿಸುತ್ತಾ ಬಂದವನು. ಮೊದಲ ನೈಟ್ ಡೈವ್‌ಗೆ ಬಂದವರಲ್ಲಿ ಹೆಚ್ಚಿನವರು ಇದನ್ನೇ ಕೇಳುತ್ತಾರೆ.

ಅವರಿಗೆ ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ. ರಾತ್ರಿ ನೀರಿನಲ್ಲಿ ಬೆಳಕು ಸಾಲದೆ ತೊಂದರೆಗೆ ಸಿಕ್ಕಿದವರನ್ನು ನಾನು ನೋಡಿಲ್ಲ. ಬೆಳಕು ಇದ್ದಕ್ಕಿದ್ದಂತೆ ಆರಿಹೋಗಿ ಗಾಬರಿಯಾದವರನ್ನು ನೋಡಿದ್ದೇನೆ. ಬೆಳಕು ಜಾಸ್ತಿಯಾಗಿ ಜೊತೆಗಾರನ ಸನ್ನೆ ಕಾಣದೆ ಬೇರೆಯಾದವರನ್ನೂ ನೋಡಿದ್ದೇನೆ. ಆದ್ದರಿಂದ ಎಷ್ಟು ಲ್ಯೂಮೆನ್, ಅಂದರೆ ಒಟ್ಟು ಎಷ್ಟು ಬೆಳಕು ಎಂಬುದು ಮೂರನೆಯ ಪ್ರಶ್ನೆ. ಡೈವ್ ಮುಗಿಯುವವರೆಗೂ ಉರಿಯುತ್ತದಾ ಎಂಬುದು ಮೊದಲನೆಯದು. ಜೊತೆಗಿರುವವರಿಗೆ ನಿಮ್ಮ ಬೆಳಕಿನ ಭಾಷೆ ಅರ್ಥವಾಗುತ್ತದಾ ಎಂಬುದು ಎರಡನೆಯದು.

ಆ ಎರಡು ಸಾವಿರದ ಟಾರ್ಚನ್ನು ಮೊದಲು ನೋಡೋಣ. ಅದರೊಳಗೆ ಇರುವುದು ಸಾಮಾನ್ಯವಾಗಿ ಒಂದು 18650 ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುವುದರಿಂದ ಆ ಹೆಸರು. ಒಳ್ಳೆಯ ಕಂಪನಿಯ ಇಂಥ ಸೆಲ್‌ನಲ್ಲಿ 3,500 ಎಂಎಎಚ್ ಆಸುಪಾಸು ಶಕ್ತಿ ತುಂಬಬಹುದು. ಲೆಕ್ಕ ಹಾಕಿದರೆ ಹನ್ನೆರಡೂವರೆ ವ್ಯಾಟ್-ಅವರ್ ಆಗುತ್ತದೆ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ 120 ಲ್ಯೂಮೆನ್ ಕೊಟ್ಟಿತು ಎಂದುಕೊಳ್ಳಿ. 20,000 ಲ್ಯೂಮೆನ್ ಬೇಕೆಂದರೆ 165 ವ್ಯಾಟ್‌ಗೂ ಜಾಸ್ತಿ ಬೇಕು. ಅಂದರೆ ಆ ಸೆಲ್ ನಾಲ್ಕೈದು ನಿಮಿಷಕ್ಕೆ ಖಾಲಿ. ಅಷ್ಟು ಜೋರಾಗಿ ಆ ಪುಟ್ಟ ಸೆಲ್ಲಿನಿಂದ ಕರೆಂಟ್ ಎಳೆಯಲೂ ಆಗುವುದಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲಿನ ಸಂಖ್ಯೆ ಸುಳ್ಳು. ಒಳಗಿನ ಸೆಲ್ ಮೇಲೆ ‘9,900 ಎಂಎಎಚ್’ ಎಂದು ಬರೆದಿದ್ದರೆ ಅದೂ ಸುಳ್ಳು.

ಅದೇ ಲೆಕ್ಕವನ್ನು ಅಂಗಡಿಯವರ 1,000 ಲ್ಯೂಮೆನ್ ಟಾರ್ಚ್‌ಗೆ ಹಾಕಿ ನೋಡಿ. ಎಂಟು ಹತ್ತು ವ್ಯಾಟ್ ಸಾಕು. ಒಂದು 18650 ಸೆಲ್‌ನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಉರಿಯುತ್ತದೆ. ಇನ್ನೂ ಸ್ವಲ್ಪ ದಪ್ಪನೆಯ 21700 ಸೆಲ್ ಆದರೆ ಎರಡು ಗಂಟೆಯ ಹತ್ತಿರ ಬರುತ್ತದೆ. ಈ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆ. ಟಾರ್ಚ್ ಕೊಳ್ಳುವಾಗ ನಾನು ಮೊದಲು ಮಾಡುವುದು ಇದೇ ಲೆಕ್ಕ. ಲ್ಯೂಮೆನ್, ಸೆಲ್ ಅಳತೆ, ಉರಿಯುವ ಸಮಯ ಮೂರೂ ತಾಳೆ ಆಗದಿದ್ದರೆ ಅದನ್ನು ಮುಟ್ಟುವುದೇ ಇಲ್ಲ.

ಉರಿಯುವ ಸಮಯದಲ್ಲೂ ಒಂದು ಸೂಕ್ಷ್ಮ ಇದೆ. ಟಾರ್ಚ್‌ಗಳ ಅಳತೆಗೆ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡವಿದೆ. ಅದರ ಪ್ರಕಾರ ಬೆಳಕನ್ನು ಅಳೆಯುವುದು ಹೊತ್ತಿಸಿದ 30 ಸೆಕೆಂಡಿಗೆ. ಆದರೆ ‘ಉರಿಯುವ ಸಮಯ’ ಎಂದರೆ ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. ಅಂದರೆ 1,000 ಲ್ಯೂಮೆನ್, ನಾಲ್ಕು ಗಂಟೆ ಎಂದು ಬರೆದಿದ್ದರೆ ನಾಲ್ಕನೇ ಗಂಟೆಯ ಕೊನೆಗೆ ನಿಮ್ಮ ಕೈಯಲ್ಲಿ ಇರುವುದು ಬರೀ 100 ಲ್ಯೂಮೆನ್. ಸುಳ್ಳೇನೂ ಅಲ್ಲ, ಆದರೆ ಗೊತ್ತಿಲ್ಲದವರು ಮೋಸ ಹೋಗುತ್ತಾರೆ. ಒಂದು ನೈಟ್ ಡೈವ್ ಸಾಮಾನ್ಯವಾಗಿ ಮುಕ್ಕಾಲು ಗಂಟೆ. ದೋಣಿಯಲ್ಲಿ ತಯಾರಿ, ಮೇಲೆ ಬಂದ ಮೇಲೆ ಕಾಯುವುದು ಎಲ್ಲ ಸೇರಿಸಿದರೆ ನೀವು ಬಳಸುವ ಮಟ್ಟದಲ್ಲಿ ಕನಿಷ್ಠ ಒಂದೂವರೆ ಗಂಟೆ ನಿಲ್ಲುವ ಟಾರ್ಚ್ ಬೇಕು. ಬ್ಯಾಟರಿ ಇಳಿದಾಗ ಬಟನ್ ಸುತ್ತ ಬಣ್ಣ ಬದಲಿಸಿ ಎಚ್ಚರಿಸುವಂಥದ್ದಾದರೆ ಇನ್ನೂ ಒಳ್ಳೆಯದು. ಎಲ್‌ಇಡಿ ಟಾರ್ಚ್‌ಗಳಲ್ಲಿ ಕೆಲವು ಕೊನೆವರೆಗೂ ಒಂದೇ ಸಮ ಉರಿದು ಫಕ್ಕನೆ ಆರುತ್ತವೆ. ಹಳೆಯ ಬಲ್ಬಿನಂತೆ ಮಂಕಾಗಿ ಸೂಚನೆ ಕೊಡುವುದಿಲ್ಲ.

ಇನ್ನು ಐಪಿಎಕ್ಸ್ 8. ಇದನ್ನು ನೋಡಿ ತುಂಬಾ ಜನ ಧೈರ್ಯ ತಂದುಕೊಳ್ಳುತ್ತಾರೆ. ಆ ಗುರುತು ಹೇಳುವುದು ಇಷ್ಟೇ: ಒಂದು ಮೀಟರ್‌ಗಿಂತ ಕಠಿಣವಾದ ಮುಳುಗುವಿಕೆಯನ್ನು ಇದು ತಡೆಯುತ್ತದೆ, ಆಳ ಎಷ್ಟು, ಸಮಯ ಎಷ್ಟು ಎಂಬುದನ್ನು ತಯಾರಕರೇ ಹೇಳಬೇಕು. ಎರಡು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪಾಸಾದ ವಸ್ತುವಿಗೂ ಐಪಿಎಕ್ಸ್ 8 ಎನ್ನಬಹುದು. ಡೈವಿಂಗ್‌ನ ಮಾತೇ ಬೇರೆ. ನಿಮ್ಮ ಓಪನ್ ವಾಟರ್ ಮಿತಿಯಾದ 18 ಮೀಟರ್‌ನಲ್ಲಿ ನಾಲ್ಕು ಸೆಂಟಿಮೀಟರ್ ಅಗಲದ ಟಾರ್ಚ್ ಗಾಜಿನ ಮೇಲೆ ನೀರು ಒತ್ತುವ ಭಾರ ಸುಮಾರು 23 ಕೆಜಿ. ಹೆಚ್ಚುಕಡಿಮೆ ಒಂದು ಅಕ್ಕಿ ಚೀಲವನ್ನು ಆ ಗಾಜಿನ ಮೇಲೆ ನಿಲ್ಲಿಸಿದ ಹಾಗೆ. ಡೈವಿಂಗ್‌ಗೆಂದೇ ಮಾಡಿದ ಟಾರ್ಚ್‌ನಲ್ಲಿ 100 ಮೀಟರ್ ಅಥವಾ 150 ಮೀಟರ್ ಎಂದಿರುತ್ತದೆ. ನಾವು ಅಷ್ಟು ಆಳ ಹೋಗುವುದಿಲ್ಲ, ನಿಜ. ಅದು ಭದ್ರತೆಯ ಅಂತರ. ಎರಡು ಸಾವಿರದ ಟಾರ್ಚ್‌ನವರೂ 100 ಮೀಟರ್ ಎಂದೇ ಬರೆದಿದ್ದಾರಲ್ಲ ಎನ್ನಬಹುದು. ಲ್ಯೂಮೆನ್ ಬಗ್ಗೆ ಅಷ್ಟು ದೊಡ್ಡ ಸುಳ್ಳು ಹೇಳಿದವರನ್ನು ಆಳದ ಬಗ್ಗೆ ಯಾಕೆ ನಂಬಬೇಕು?

ಈಗ ಬೆಳಕಿನ ಅಗಲದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಿಮ್ಮ ಗೆಳೆಯರ ಸಲಹೆ ಕೇಳಲು ಚೆನ್ನಾಗಿದ್ದರೂ ಮೊದಲ ನೈಟ್ ಡೈವ್‌ಗೆ ಸರಿಯಲ್ಲ.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಗಾಡಿ ಓಡಿಸಿದ್ದೀರಾ? ರಸ್ತೆ ಕಾಣುವುದಿಲ್ಲ ಎಂದು ಹೈಬೀಮ್ ಹಾಕಿದರೆ ಏನಾಗುತ್ತದೆ? ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಬೆಳಕು ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಸಮುದ್ರದ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಮರಳಿನ ಕಣ, ಕಣ್ಣಿಗೆ ಕಂಡೂ ಕಾಣದಂಥ ಜೀವಿಗಳು ತೇಲುತ್ತಿರುತ್ತವೆ. ರಾತ್ರಿ ಆ ಜೀವಿಗಳು ಇನ್ನೂ ಜಾಸ್ತಿ. ಅಗಲ ಬೆಳಕು ನಿಮ್ಮ ಮುಖದ ಎದುರಿನ ಅಷ್ಟೂ ಕಣಗಳನ್ನು ಒಟ್ಟಿಗೆ ಬೆಳಗುತ್ತದೆ. ಕಿರಿದಾದ ಬೆಳಕು ಒಂದು ಕೋಲಿನಂತೆ ಅವುಗಳ ನಡುವೆ ತೂರಿ ಹೋಗುತ್ತದೆ. ಮುಖದಿಂದ ಸ್ವಲ್ಪ ದೂರ, ಪಕ್ಕಕ್ಕೆ ಹಿಡಿದರೆ ಎದುರಿನ ಕಣಗಳ ಮೇಲೆ ಬೆಳಕೇ ಬೀಳುವುದಿಲ್ಲ.

ಸಂಖ್ಯೆಯಲ್ಲೂ ನೋಡಿ. ಚಪ್ಪಟೆ ಗಾಜಿನ ವಿಡಿಯೊ ಲೈಟ್‌ನ ಕೋನ ಗಾಳಿಯಲ್ಲಿ 120 ಡಿಗ್ರಿ ಇದ್ದರೆ ನೀರಿನಲ್ಲಿ ಬೆಳಕು ಬಾಗಿ ಸುಮಾರು 80 ಡಿಗ್ರಿಗೆ ಇಳಿಯುತ್ತದೆ. ಐದು ಮೀಟರ್ ದೂರದಲ್ಲಿ ಅದು ಎಂಟೂವರೆ ಮೀಟರ್ ಅಗಲದ ವೃತ್ತಕ್ಕೆ ಹರಡುತ್ತದೆ. ಗಾಳಿಯಲ್ಲಿ ಹತ್ತು ಡಿಗ್ರಿ ಇರುವ ಟಾರ್ಚ್ ನೀರಿನಲ್ಲಿ ಅದೇ ದೂರಕ್ಕೆ ಮುಕ್ಕಾಲು ಮೀಟರ್‌ಗೂ ಕಡಿಮೆ ಜಾಗದಲ್ಲಿ ಬೀಳುತ್ತದೆ. ಜಾಗದ ವ್ಯತ್ಯಾಸ ನೂರೈವತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ 10,000 ಲ್ಯೂಮೆನ್‌ನ ಅಗಲ ಲೈಟ್‌ಗಿಂತ 1,000 ಲ್ಯೂಮೆನ್‌ನ ಕಿರಿದಾದ ಟಾರ್ಚೇ ಆ ಬಿಂದುವಿನಲ್ಲಿ ಎಷ್ಟೋ ಪಟ್ಟು ಪ್ರಖರ. ಬಂಡೆಯ ಸಂದಿಯೊಳಗೆ ಕೂತ ಸಿಗಡಿಯ ಕಣ್ಣು ಮಿನುಗುವುದು ಇದರಲ್ಲಿ.

ಇದಕ್ಕಿಂತಲೂ ದೊಡ್ಡ ಕಾರಣ ಸನ್ನೆ. ಹಗಲಿನಲ್ಲಿ ನೀವು ಹೆಂಡತಿಯ ಕಡೆ ತಿರುಗಿ ಕೈಸನ್ನೆ ಮಾಡುತ್ತೀರಿ. ರಾತ್ರಿ ನಿಮ್ಮ ಬೆಳಕಿನ ಬೊಟ್ಟೇ ನಿಮ್ಮ ಮಾತು. ಅವರ ಎದುರಿನ ಮರಳಿನ ಮೇಲೆ ಅದನ್ನು ನಿಧಾನವಾಗಿ ಸುತ್ತಿಸಿದರೆ ‘ಸರಿ ಇದ್ದೀಯಾ? ಸರಿ ಇದ್ದೇನೆ’. ಜೋರಾಗಿ ಆಚೆಈಚೆ ಬೀಸಿದರೆ ‘ಇಲ್ಲಿ ನೋಡು, ತೊಂದರೆ ಇದೆ’. ಇದಕ್ಕೆ ಅಂಚು ಸ್ಪಷ್ಟವಾಗಿರುವ ಬೆಳಕೇ ಬೇಕು. ಒಮ್ಮೆ ನಮ್ಮ ಗುಂಪಿನಲ್ಲಿ ಒಬ್ಬರು ವಿಡಿಯೊ ಲೈಟನ್ನು ಪೂರ್ತಿ ಜೋರು ಮಾಡಿ ಇಳಿದಿದ್ದರು. ಅವರ ಸುತ್ತ ಹತ್ತು ಅಡಿ ಹಾಲಿನಂತೆ ಬಿಳುಪು. ನಾನು ಮೂರು ಸಲ ಬೆಳಕಿನಲ್ಲಿ ವೃತ್ತ ಬರೆದೆ. ಅವರಿಗೆ ಕಾಣಲೇ ಇಲ್ಲ. ಕೊನೆಗೆ ಹತ್ತಿರ ಹೋಗಿ ತೋಳು ಮುಟ್ಟಿದಾಗ ಬೆಚ್ಚಿಬಿದ್ದರು. ಅವರ ಸಿಲಿಂಡರ್‌ನ ಗಾಳಿ ಆಗಲೇ ನಾವು ವಾಪಸ್ ತಿರುಗಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಅಪಾಯವೇನೂ ಆಗಲಿಲ್ಲ. ಆದರೆ ಅವತ್ತಿನಿಂದ ವಿಡಿಯೊ ಲೈಟ್ ತಂದವರಿಗೆ ಜೊತೆಗೊಂದು ಕಿರಿದಾದ ಟಾರ್ಚ್ ಇಲ್ಲದೆ ನಾನು ನೀರಿಗೆ ಇಳಿಯಲು ಬಿಡುತ್ತಿಲ್ಲ.

ವಿಡಿಯೊ ಬೇಡವೆಂದಲ್ಲ. ಕ್ಯಾಮೆರಾಕ್ಕೆ ಅಗಲ ಬೆಳಕೇ ಬೇಕು, ಇಲ್ಲದಿದ್ದರೆ ಚಿತ್ರದ ನಡುವೆ ಒಂದು ಬಿಳಿ ಮಚ್ಚೆ ಬೀಳುತ್ತದೆ. ಆದರೆ ಮೊದಲ ರಾತ್ರಿ ಕ್ಯಾಮೆರಾವನ್ನು ರೂಮಿನಲ್ಲೇ ಬಿಡಿ ಎಂಬುದು ನನ್ನ ಕಳಕಳಿಯ ಮಾತು. ಕೈಯಲ್ಲಿ ಟಾರ್ಚ್, ಗೇಜ್ ನೋಡಬೇಕು, ಕಿವಿಯ ಒತ್ತಡ ಸರಿಮಾಡಲು ಮೂಗು ಹಿಡಿಯಬೇಕು, ತೇಲುವುದನ್ನು ಹೊಂದಿಸುವ ಜಾಕೆಟ್ಟಾದ ಬಿಸಿಡಿಗೆ ಗಾಳಿ ತುಂಬಬೇಕು. ಹದಿನಾಲ್ಕು ಡೈವ್ ಆದವರಿಗೆ ಅಷ್ಟೇ ಸಾಕಷ್ಟು ಕೆಲಸ.

ಹಾಗಾದರೆ ಸಂಖ್ಯೆ ಎಷ್ಟಿರಬೇಕು? ಅಂಡಮಾನ್‌ನಂಥ ತಿಳಿ ನೀರಿನ ಹವಳದ ದಿಬ್ಬಕ್ಕೆ ಮುಖ್ಯ ಟಾರ್ಚ್ 700ರಿಂದ 1,500 ಲ್ಯೂಮೆನ್, ಕೋನ ಎಂಟರಿಂದ ಹದಿನೈದು ಡಿಗ್ರಿ. ಬೆಳಕು ಕಡಿಮೆ ಮಾಡುವ ಸೌಲಭ್ಯ ಇರಲೇಬೇಕು. ಎರಡನೆಯದು, ಅಂದರೆ ಬ್ಯಾಕಪ್, 200ರಿಂದ 500 ಲ್ಯೂಮೆನ್ ಇದ್ದರೆ ಸಾಕು. ಬಿಳುಪಿನ ಬಗೆ 5,000ದಿಂದ 6,500 ಕೆಲ್ವಿನ್ ನಡುವೆ ಇರಲಿ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹಗಲಿನಲ್ಲಿ ಹತ್ತು ಮೀಟರ್ ಕೆಳಗೆ ಕಂದು ಬೂದಿಯಂತೆ ಕಂಡ ಹವಳ ರಾತ್ರಿ ನಿಮ್ಮ ಟಾರ್ಚ್ ಬೆಳಕಿನಲ್ಲಿ ಕುಂಕುಮದ ಬಣ್ಣಕ್ಕೆ ತಿರುಗಿರುತ್ತದೆ. ಬೆಳಕು ಹತ್ತಿರದಿಂದ ಬೀಳುವುದರಿಂದ ಕೆಂಪು ನುಂಗಿಹೋಗುವಷ್ಟು ನೀರು ನಡುವೆ ಇರುವುದಿಲ್ಲ. ಅದನ್ನು ಮೊದಲ ಸಲ ನೋಡುವ ನಿಮ್ಮ ಮುಖವನ್ನು ನೋಡಬೇಕು ಅನಿಸುತ್ತದೆ.

ಕೆಂಪು ಬೆಳಕಿನ ಮಾತಿನಲ್ಲಿ ಅರ್ಧ ನಿಜ ಇದೆ. ದಿಬ್ಬದ ಎಷ್ಟೋ ಮೀನು, ಸಿಗಡಿಗಳಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದಲೇ ಫೋಟೊ ತೆಗೆಯುವವರು ಫೋಕಸ್ ಮಾಡಲು ಕೆಂಪು ಬಳಸುತ್ತಾರೆ. ಆದರೆ ಅದೇ ಕೆಂಪನ್ನು ನೀರು ಬೇಗ ನುಂಗುತ್ತದಲ್ಲ, ಹಾಗಾಗಿ ಅದರಲ್ಲಿ ದೂರ ಕಾಣುವುದಿಲ್ಲ. ಕಡಲ ಮುಳ್ಳುಚೆಂಡಿನ ಮೇಲೆ ಕೈಯಿಡುವ ಅಪಾಯವೇ ಹೆಚ್ಚು. ಬಿಳಿ ಟಾರ್ಚ್‌ನಲ್ಲಿ ಕೆಂಪು ಬೆಳಕೂ ಸೇರಿದ್ದರೆ ಇರಲಿ. ಅದೊಂದನ್ನೇ ನೆಚ್ಚಿ ಇಳಿಯಬೇಡಿ. ನೀಲಿ ಬೆಳಕಿನಲ್ಲಿ ಹವಳ ಹಸಿರಾಗಿ ಹೊಳೆಯುವುದನ್ನು ನೋಡುವ ಡೈವ್‌ಗಳೂ ಇವೆ. ಅದಕ್ಕೆ ಮಾಸ್ಕ್ ಮೇಲೆ ಹಳದಿ ಫಿಲ್ಟರ್ ಬೇಕು. ಮೂರನೆಯದೋ ನಾಲ್ಕನೆಯದೋ ರಾತ್ರಿಗೆ ಇಟ್ಟುಕೊಳ್ಳಿ.

ನಿಮ್ಮ ಹೆಂಡತಿಯವರ ಭಯಕ್ಕೆ ಬರುತ್ತೇನೆ. ಬೆಳಕು ಜೀವಿಗಳನ್ನು ಸೆಳೆಯುತ್ತದೆ ಎಂಬುದು ನಿಜ. ನಮ್ಮ ಕರಾವಳಿಯಲ್ಲಿ ಲೈಟ್ ಫಿಶಿಂಗ್ ಬಗ್ಗೆ ನಡೆದ ಗಲಾಟೆ ಕೇಳಿರುತ್ತೀರಿ. ದೋಣಿಯಿಂದ ಜೋರು ಎಲ್‌ಇಡಿ ಬಿಟ್ಟರೆ ಸಣ್ಣ ಜೀವಿ, ಅದರ ಹಿಂದೆ ಸಣ್ಣ ಮೀನು, ಅದರ ಹಿಂದೆ ದೊಡ್ಡ ಮೀನು ಬಂದು ಸೇರುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ, ಸಮುದ್ರ ಬರಿದಾಗಬಾರದೆಂದು. ಹವಾಯಿಯ ಕೋನಾದಲ್ಲಿ ಬೆಳಕು ನೆಟ್ಟು, ಅದಕ್ಕೆ ಮುತ್ತುವ ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳನ್ನು ತಿನ್ನಲು ಬರುವ ಮಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳನ್ನು ತೋರಿಸುತ್ತಾರೆ. ಆದರೆ ಶಾರ್ಕ್‌ಗಳು ಬೇಟೆಗೆ ಹೆಚ್ಚು ನೆಚ್ಚುವುದು ವಾಸನೆ, ಸದ್ದು, ಮೀನಿನ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು. ಚಲಿಸುವ ಟಾರ್ಚ್ ಹಿಡಿದ, ಗುಳ್ಳೆ ಬಿಡುವ ಮನುಷ್ಯ ಅವುಗಳಿಗೆ ಊಟವಲ್ಲ. ಇಷ್ಟು ವರ್ಷದಲ್ಲಿ ಟಾರ್ಚ್ ನೋಡಿ ನಮ್ಮತ್ತ ನುಗ್ಗಿದ ಶಾರ್ಕ್ ನನಗೆ ಎದುರಾಗಿಲ್ಲ. ಕಂಡವು ದೂರದಿಂದಲೇ ತಿರುಗಿ ಹೋದವು.

ನಾನು ಎಚ್ಚರ ವಹಿಸುವುದು ಬೇರೆ ಎರಡರ ಬಗ್ಗೆ. ಒಂದು, ಸೂಜಿಯಂಥ ಮೂತಿಯ ನೀಡಲ್ ಫಿಶ್. ಇವು ನೀರಿನ ಮೇಲ್ಪದರದಲ್ಲಿರುತ್ತವೆ. ರಾತ್ರಿ ಬೆಳಕಿನ ಕಡೆ ಚಿಮ್ಮುವ ಅಭ್ಯಾಸ ಇದೆ, ಮನುಷ್ಯರಿಗೆ ಚುಚ್ಚಿ ಗಾಯವಾದದ್ದೂ ಇದೆ. ಮೇಲೆ ಬಂದ ಮೇಲೆ ಹೆಡ್‌ಲ್ಯಾಂಪ್‌ನಂತೆ ಮುಖದ ಹತ್ತಿರ ಟಾರ್ಚ್ ಹಿಡಿದು ತೇಲಬೇಡಿ. ಬೆಳಕು ಕಡಿಮೆ ಮಾಡಿ, ದೋಣಿಗೆ ಕಾಣುವಷ್ಟು ಇದ್ದರೆ ಸಾಕು. ಎರಡು, ಅಂಡಮಾನ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹಿನ್ನೀರಿನ ಕಡೆ ಉಪ್ಪುನೀರಿನ ಮೊಸಳೆಗಳಿವೆ. ಆದ್ದರಿಂದ ರಾತ್ರಿ ಎಲ್ಲಿ ಇಳಿಯಬಹುದು ಎಂಬುದನ್ನು ಅಲ್ಲಿನ ಡೈವ್ ಸೆಂಟರ್‌ನವರೇ ನಿರ್ಧರಿಸಲಿ. ರೂಮಿನ ಎದುರಿನ ಬೀಚಿನಿಂದ ನೀವಿಬ್ಬರೇ ಇಳಿಯುವ ಯೋಚನೆ ಬೇಡವೇ ಬೇಡ.

ಬೆಳಕು ನಮಗೆ ಅಪಾಯ ತರುವುದಕ್ಕಿಂತ ಅಲ್ಲಿರುವ ಜೀವಿಗಳಿಗೆ ತರುವುದೇ ಹೆಚ್ಚು. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ. ರಾತ್ರಿ ಸಿಂಹ ಮೀನುಗಳು ಡೈವರ್‌ಗಳ ಹಿಂದೆಯೇ ಬರುತ್ತವೆ. ನಮ್ಮ ಬೆಳಕಿನಲ್ಲಿ ಕಣ್ಣು ಕತ್ತಲಿಟ್ಟು ನಿಂತ ಸಣ್ಣ ಮೀನನ್ನು ಅದು ಒಂದೇ ಗುಟುಕಿಗೆ ನುಂಗುತ್ತದೆ. ನೀವು ಯಾವ ಮೀನಿನ ಮೇಲೆ ಬೆಳಕು ನಿಲ್ಲಿಸುತ್ತೀರೋ ಅದರ ಸಾವು ನೀವೇ ಆರಿಸಿದ ಹಾಗೆ. ಗಿಳಿ ಮೀನುಗಳಲ್ಲಿ ಕೆಲವು ಜಾತಿ ತಮ್ಮ ಲೋಳೆಯಿಂದಲೇ ಪಾರದರ್ಶಕ ಗೂಡು ಕಟ್ಟಿಕೊಂಡು ಒಳಗೆ ಮಲಗುತ್ತವೆ. ನೋಡಿ, ಖಂಡಿತ ನೋಡಿ. ಬೆಳಕಿನ ಅಂಚನ್ನಷ್ಟೇ ತಾಗಿಸಿ ನಾಲ್ಕೈದು ಸೆಕೆಂಡ್ ನೋಡಿ ಮುಂದೆ ಹೋಗಿ. ಬಂಡೆಯಡಿ ಮಲಗಿದ ಕಡಲಾಮೆಯ ಮುಖಕ್ಕಂತೂ ಬಿಡಲೇಬೇಡಿ. ಗಾಬರಿಗೊಂಡು ಎದ್ದರೆ ಕತ್ತಲಲ್ಲಿ ಅದು ಬಂಡೆಗೆ ಬಡಿದುಕೊಳ್ಳುತ್ತದೆ. ಬೆಳಕು ಕಡಿಮೆ ಮಾಡುವ ಸೌಲಭ್ಯ ಇರಲೇಬೇಕು ಎಂದು ನಾನು ಹಠ ಹಿಡಿಯುವುದು ಇದಕ್ಕೇ. ಡೈವ್ ಮುಗಿಸಿ ದಡಕ್ಕೆ ಬಂದ ಮೇಲೂ ಮರಳಿನಲ್ಲಿ ಬಿಳಿ ಬೆಳಕು ಬೀಸುತ್ತಾ ನಡೆಯಬೇಡಿ. ಮೊಟ್ಟೆಯಿಡಲು ಬರುವ ಆಮೆಗಳು ಅದನ್ನು ಕಂಡು ವಾಪಸ್ ಹೋಗುತ್ತವೆ.

ಈಗ ಟಾರ್ಚ್ ಯಾಕೆ ಕೆಡುತ್ತದೆ ಎಂಬುದು. ನಾನು ಕಂಡಂತೆ ಎಲ್‌ಇಡಿ ಸುಟ್ಟು ಕೆಟ್ಟವು ಬೆರಳೆಣಿಕೆ. ನೀರು ನುಗ್ಗಿ ಕೆಟ್ಟವೇ ಹೆಚ್ಚು. ಅವುಗಳಲ್ಲಿ ಮುಕ್ಕಾಲು ಪಾಲು ನೀರು ನುಗ್ಗಿದ್ದು ಓ-ರಿಂಗ್ ಎಂಬ ರಬ್ಬರ್ ಬಳೆಯ ಹತ್ತಿರ. ನನ್ನದೇ ಒಂದು ಒಳ್ಳೆಯ ಟಾರ್ಚ್ ಹೀಗೆ ಹೋಯಿತು. ಸಂಜೆ ದೋಣಿಯಲ್ಲಿ ಅವಸರದಿಂದ ಸೆಲ್ ಬದಲಿಸಿದ್ದೆ. ಮುಚ್ಚಳ ತಿರುಗಿಸುವಾಗ ಟವೆಲ್ಲಿನ ಒಂದು ಎಳೆ ಬಳೆಯ ಮೇಲೆ ಕೂತಿದ್ದು ಕಾಣಲಿಲ್ಲ. ಕೂದಲಿನಷ್ಟು ತೆಳ್ಳಗಿನ ಎಳೆ. ಆರು ಮೀಟರ್‌ಗೆ ಇಳಿಯುವಷ್ಟರಲ್ಲಿ ಗಾಜಿನೊಳಗೆ ನೀರು ಅಲುಗಾಡುತ್ತಿತ್ತು. ಬ್ಯಾಕಪ್ ಹಚ್ಚಿ ಎಲ್ಲರನ್ನೂ ಮೇಲೆ ಕರೆದುಕೊಂಡು ಬಂದೆ.

ಜನ ಆಳಕ್ಕೆ ಹೋದರೆ ಸೋರುತ್ತದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಉಲ್ಟಾ. ಆಳದಲ್ಲಿ ನೀರಿನ ಒತ್ತಡವೇ ಬಳೆಯನ್ನು ಅದರ ಸಂದಿಗೆ ಅದುಮಿ ಕೂರಿಸುತ್ತದೆ. ಸೋರಿಕೆ ಶುರುವಾಗುವುದು ಮೇಲಿನ ಕೆಲವು ಮೀಟರ್‌ಗಳಲ್ಲಿ, ಕೆಲವೊಮ್ಮೆ ಸಿಹಿನೀರಿನ ಬಕೆಟ್‌ನಲ್ಲೇ. ಆದ್ದರಿಂದ ಸೆಲ್ ಬದಲಿಸುವ ಕೆಲಸ ರೂಮಿನಲ್ಲಿ, ಒಣ ಕೈಯಲ್ಲಿ, ಬೆಳಕಿರುವಾಗ ಮುಗಿಸಿ. ಬಳೆಯನ್ನು ಬೆರಳಿನಿಂದಲೇ ತೆಗೆದು ಒರೆಸಿ, ಬಿರುಕು ಇದೆಯಾ ನೋಡಿ. ಟಾರ್ಚ್ ಜೊತೆ ಕೊಟ್ಟ ಗ್ರೀಸನ್ನೇ ಹಚ್ಚಿ, ಬಳೆ ಸ್ವಲ್ಪ ಹೊಳೆದರೆ ಸಾಕು. ನೀರು ತಡೆಯುವುದು ರಬ್ಬರ್, ಗ್ರೀಸ್ ಅಲ್ಲ. ಮೆತ್ತಿಬಿಟ್ಟರೆ ಮರಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡ. ಎರಡು ಬಳೆ ಇರುವ ಮುಚ್ಚಳದ ಟಾರ್ಚ್ ಸಿಕ್ಕರೆ ಅದಕ್ಕೇ ನನ್ನ ಮತ.

ಸ್ವಿಚ್ಚಿನ ವಿಷಯದಲ್ಲೂ ಒಂದು ಮಾತು. ತಲೆ ತಿರುಗಿಸಿ ಹಚ್ಚುವ ಟಾರ್ಚ್ ಸರಳ. ಆದರೆ ಆರಿಸುವಾಗ ನೀರಿನೊಳಗೆ ಒಂದು ಸುತ್ತು ಜಾಸ್ತಿ ತಿರುಗಿಸಿದರೆ ಕಥೆ ಮುಗಿಯಿತು. ಆಯಸ್ಕಾಂತದ ಸ್ವಿಚ್ಚಿಗೆ ಮೈಯಲ್ಲಿ ತೂತೇ ಇರುವುದಿಲ್ಲ, ಸೋರುವ ಜಾಗ ಒಂದು ಕಡಿಮೆ. ಆದರೆ ದಿಕ್ಸೂಚಿಯ ಪಕ್ಕ ಅದನ್ನು ಹಿಡಿದರೆ ಮುಳ್ಳು ತಪ್ಪು ತೋರಿಸುತ್ತದೆ. ರಾತ್ರಿ ದೋಣಿಗೆ ವಾಪಸ್ ಬರಲು ಅದೇ ಮುಳ್ಳು ನೋಡಬೇಕಲ್ವಾ.

ನೀರು ಹೊಕ್ಕ ಟಾರ್ಚನ್ನು ತೆರೆಯುವುದರಲ್ಲಿ ಎಚ್ಚರ. ಸೆಲ್ಲಿಗೆ ಉಪ್ಪುನೀರು ತಾಗಿದರೆ ಒಳಗೆ ಗ್ಯಾಸ್ ಹುಟ್ಟಿ ಒತ್ತಡ ಏರುತ್ತದೆ. ಮುಖಕ್ಕೆ, ಬೇರೆಯವರ ಕಡೆಗೆ ಹಿಡಿಯದೆ, ಗಾಳಿಯಾಡುವ ಕಡೆ, ಸ್ವಲ್ಪ ಸ್ವಲ್ಪವೇ ತಿರುಗಿಸಿ ತೆಗೆಯಿರಿ. ಆ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಬೇಡಿ, ವಿಮಾನಕ್ಕೂ ತರಬೇಡಿ.

ವಿಮಾನದ ವಿಷಯ ಸುಲಭ. ಬಿಡಿ ಲಿಥಿಯಂ ಸೆಲ್‌ಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಅಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ಬ್ಯಾಟರಿಗೆಂದು ಬೇರೆ ಅನುಮತಿ ಬೇಡ. ನಿಮ್ಮ ಸೆಲ್ ಹನ್ನೆರಡೋ ಹದಿನೆಂಟೋ ಅಷ್ಟೇ. ಒಂದೊಂದನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಕೀ ಗೊಂಚಲು, ನಾಣ್ಯದ ಜೊತೆ ಬೇಡ. ಟಾರ್ಚಿನೊಳಗೆ ಸೆಲ್ ಬಿಟ್ಟು ಚೀಲಕ್ಕೆ ಹಾಕಬೇಡಿ. ಡೈವಿಂಗ್ ಟಾರ್ಚ್ ತಣ್ಣಗಿರುವುದು ಸುತ್ತಲಿನ ನೀರಿನಿಂದ. ಬಟ್ಟೆಯ ನಡುವೆ ಆನ್ ಆದರೆ ವಿಪರೀತ ಬಿಸಿಯಾಗುತ್ತದೆ. ವಿಮಾನಯಾನದ ನಿಯಮಗಳಲ್ಲಿ ಬಿಸಿಯಾಗುವ ಸಾಮಾನುಗಳ ಪಟ್ಟಿಯಲ್ಲಿ ಡೈವಿಂಗ್ ಟಾರ್ಚ್‌ನ ಹೆಸರೇ ಇದೆ. ಹಾಗಾಗಿ ಹೊರಡುವ ಮೊದಲು ನಿಮ್ಮ ಏರ್‌ಲೈನ್‌ನವರನ್ನು ಒಂದು ಮಾತು ಕೇಳಿಬಿಡಿ.

ಕೊಳ್ಳಬೇಕಾ, ಬಾಡಿಗೆಗಾ? ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಮುಖ್ಯ ಟಾರ್ಚನ್ನು ಸೆಂಟರ್‌ನಿಂದ ಬಾಡಿಗೆಗೆ ತಗೊಳ್ಳುತ್ತಿದ್ದೆ. ನಾನು ಮತ್ತು ಹೆಂಡತಿ ಒಬ್ಬೊಬ್ಬರಿಗೂ ಒಂದೊಂದು ಒಳ್ಳೆಯ ಸಣ್ಣ ಬ್ಯಾಕಪ್ ಕೊಳ್ಳುತ್ತಿದ್ದೆ. ಬಾಡಿಗೆ ಟಾರ್ಚ್ ಎಷ್ಟು ಜನರ ಕೈ ದಾಟಿದೆಯೋ ನಮಗೆ ತಿಳಿಯದು. ಅದು ಕೈಕೊಟ್ಟರೂ ನನ್ನ ಕೈಯಾರೆ ಬಳೆ ಒರೆಸಿ ಮುಚ್ಚಿದ ಟಾರ್ಚ್ ಜೇಬಿನಲ್ಲಿ ಇರುತ್ತದೆ. ಆ ಸಣ್ಣ ಟಾರ್ಚ್ ವ್ಯರ್ಥವೂ ಆಗುವುದಿಲ್ಲ. ನೇತ್ರಾಣಿಯ ಬಂಡೆ ಸಂದಿಗಳಲ್ಲಿ ಹಗಲೂ ಅದು ಕೆಲಸಕ್ಕೆ ಬರುತ್ತದೆ. ನೈಟ್ ಡೈವ್ ಹುಚ್ಚು ಹಿಡಿದರೆ ಆಮೇಲೆ ಮುಖ್ಯ ಟಾರ್ಚ್ ಕೊಳ್ಳಿ. ಎರಡು ಸಾವಿರದ್ದಂತೂ ಬೇಡ. ಆ ದುಡ್ಡು ಪೂರ್ತಿ ಹೋದ ಹಾಗೆಯೇ.

ಬಾಡಿಗೆ ಟಾರ್ಚ್ ಕೊಟ್ಟಾಗ ಸುಮ್ನೆ ಆನ್ ಮಾಡಿ ನೋಡಿ ತಲೆಯಾಡಿಸಬೇಡಿ. ಗಾಜಿನೊಳಗೆ ಆವಿ ಇದೆಯಾ, ಮುಚ್ಚಳದ ತಿರುಪಿನ ಹತ್ತಿರ ಬಿಳಿ ಉಪ್ಪು ಕಟ್ಟಿದೆಯಾ ನೋಡಿ. ಯಾವಾಗ ಚಾರ್ಜ್ ಮಾಡಿದ್ದು ಎಂದು ಕೇಳಿ. ಕೈಗೆ ಕಟ್ಟುವ ದಾರ ಗಟ್ಟಿಯಾಗಿರಲಿ. ಎರಡು ನಿಮಿಷ ಬಕೆಟ್ ನೀರಿನಲ್ಲಿ ಹಚ್ಚಿಡಿ, ಗುಳ್ಳೆ ಬಂದರೆ ಬದಲಿಸಿಕೊಳ್ಳಿ. ಬೇಸರ ಮಾಡಿಕೊಳ್ಳುವ ಸೆಂಟರ್ ಆದರೆ ಬೇರೆ ಸೆಂಟರ್ ನೋಡಿ. ಸಿಲಿಂಡರ್ ತಲೆಗೆ ಕಟ್ಟುವ ಪುಟ್ಟ ಗುರುತಿನ ದೀಪವೂ ಕೇಳಿ ಪಡೆಯಿರಿ. ನೀವು ಬೆನ್ನು ತಿರುಗಿಸಿದಾಗ ನಿಮ್ಮವರಿಗೆ ಕಾಣುವುದು ಅದೊಂದೇ.

ಓಪನ್ ವಾಟರ್ ಆದವರು ನೈಟ್ ಡೈವ್ ಮಾಡಬಹುದು. ಆದರೆ ಮೊದಲನೆಯದನ್ನು ಇನ್‌ಸ್ಟ್ರಕ್ಟರ್ ಜೊತೆ, ಸಾಧ್ಯವಾದರೆ ಅಡ್ವಾನ್ಸ್ಡ್ ಕೋರ್ಸಿನ ಭಾಗವಾಗಿ ಮಾಡಿ. ಅದೇ ಜಾಗದಲ್ಲಿ ಬೆಳಿಗ್ಗೆ ಒಂದು ಡೈವ್ ಆಗಿರಲಿ. ಅಂಡಮಾನ್ ತುಂಬಾ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಜನವರಿಯಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಇನ್ನೂ ಸ್ವಲ್ಪ ಬೆಳಕಿರುವಾಗಲೇ ಇಳಿಯಲು ಕೇಳಿಕೊಳ್ಳಿ. ಕತ್ತಲು ನಿಮ್ಮ ಸುತ್ತ ನಿಧಾನವಾಗಿ ತುಂಬಿಕೊಳ್ಳುತ್ತದೆ, ನೀವು ಕತ್ತಲಿಗೆ ಧುಮುಕಬೇಕಾಗಿಲ್ಲ. ನಿಮ್ಮ ಹೆಂಡತಿಯವರಿಗೆ ಇದು ತುಂಬಾ ಸಹಾಯ ಮಾಡುತ್ತದೆ.

ಟಾರ್ಚ್ ಆರಿಹೋದರೆ ಏನು ಮಾಡಬೇಕು ಎಂಬುದನ್ನು ಇಬ್ಬರೂ ದೋಣಿಯಲ್ಲೇ ಮಾತಾಡಿಕೊಳ್ಳಿ. ಬ್ಯಾಕಪ್ ಹಚ್ಚುವುದು, ಜೊತೆಯವರಿಗೆ ತಿಳಿಸುವುದು, ಡೈವ್ ಮುಗಿಸಿ ಮೇಲೆ ಬರುವುದು. ಬ್ಯಾಕಪ್ ಇರುವುದು ಡೈವ್ ಮುಂದುವರಿಸಲು ಅಲ್ಲ, ಮುಗಿಸಲು. ಒಬ್ಬರಿಗೊಬ್ಬರು ಕಾಣದಾದರೆ ನಿಮ್ಮ ಟಾರ್ಚನ್ನು ಎದೆಗೆ ಒತ್ತಿ ಬೆಳಕು ಮುಚ್ಚಿ, ನಿಧಾನವಾಗಿ ಒಂದು ಸುತ್ತು ತಿರುಗಿ. ಸ್ವಂತ ಬೆಳಕು ಇಲ್ಲದಾಗ ಅವರ ಬೆಳಕು ತಟ್ಟನೆ ಕಾಣುತ್ತದೆ. ಒಂದು ನಿಮಿಷ ಹುಡುಕಿಯೂ ಸಿಗದಿದ್ದರೆ ಇಬ್ಬರೂ ಮೇಲೆ ಬರುವುದು.

ಎದೆಗೆ ಒತ್ತುವ ಆ ಅಭ್ಯಾಸಕ್ಕೆ ಇನ್ನೊಂದು ಉಪಯೋಗವೂ ಇದೆ. ಡೈವ್‌ನ ಕೊನೆಗೆ ಮರಳಿನ ಮೇಲೆ ಕೂತಾಗ ಇನ್‌ಸ್ಟ್ರಕ್ಟರ್ ಎಲ್ಲರಿಗೂ ಬೆಳಕು ಮುಚ್ಚಲು ಹೇಳಬಹುದು. ಆರಿಸಬೇಡಿ, ಎದೆಗೆ ಒತ್ತಿಕೊಳ್ಳಿ ಅಷ್ಟೇ. ಅರ್ಧ ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕೈಯನ್ನು ಮೆಲ್ಲಗೆ ಬೀಸಿ. ಬೆರಳುಗಳ ಸುತ್ತ ನೀಲಿ ಕಿಡಿಗಳು ಹೊತ್ತಿ ಆರುತ್ತವೆ. ಮುಟ್ಟಿದರೆ ಬೆಳಗುವ ಸೂಕ್ಷ್ಮ ಜೀವಿಗಳು ಅವು. ಹುಣ್ಣಿಮೆಯ ಆಸುಪಾಸಿನ ದಿನ ಬಿಟ್ಟು ಬುಕ್ ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತವೆ.